ನಳಿಗೆಯ ತಪ್ಪಲ್ಲ: ಲೈಸೆನ್ಸ್‌ದಾರರಿಗೆ ವರ್ಷಕ್ಕೊಂದು ದಿನ ರೇಂಜ್ ಕೊಡಿ

ಮಾನ್ಯ ಸಂಪಾದಕರೆ,

ಗೋವಿನಜೋಳ ಹಾಲುಗಾಳಾಗುವ ಹೊತ್ತಿಗೆ ಹಾನಗಲ್ಲ, ಶಿಗ್ಗಾವಿ, ಕಲಘಟಗಿ ಕಡೆಯಿಂದ ಕಾಡುಹಂದಿ ಹಾವಳಿಯ ಸುದ್ದಿ ಪ್ರತಿವರ್ಷ ಪತ್ರಿಕೆಗಳಲ್ಲಿ ಬರುತ್ತದೆ. ಒಂದೇ ರಾತ್ರಿಗೆ ನೆಲಕ್ಕೆ ಮಲಗಿದ ಪೈರಿನ ಚಿತ್ರವೂ ಇರುತ್ತದೆ. ಆ ಸುದ್ದಿಯ ಹಿಂದೆಯೇ ಇರುವ, ಆದರೆ ಯಾರೂ ಬರೆಯದ ಒಂದು ಸಂಗತಿಯನ್ನು ಓದುಗರ ಮತ್ತು ಹಾವೇರಿ, ಧಾರವಾಡ, ಗದಗ ಜಿಲ್ಲಾಡಳಿತಗಳ ಗಮನಕ್ಕೆ ತರಲು ಬರೆಯುತ್ತಿದ್ದೇನೆ. ಲೈಸೆನ್ಸ್ ಇರುವ ರೈತನ ರೈಫಲ್ ಗುರಿ ತಪ್ಪುತ್ತಿದ್ದರೆ ಅದನ್ನು ಗುರಿಕಾಗದದ ಮೇಲೆ ಹೊಡೆದು ನೋಡಿಕೊಳ್ಳಲು ಅವನಿಗೆ ರೇಂಜ್, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಸುರಕ್ಷಿತ ಜಾಗವೇ ಇಲ್ಲ.

ನಾನು ಸೈನ್ಯದಲ್ಲಿ 22 ವರ್ಷ ಆರ್ಮರರ್ ಆಗಿದ್ದವನು. ಜವಾನರು ಹೊಡೆಯುವ ಆಯುಧ ಸರಿಯಿದೆಯೋ ಇಲ್ಲವೋ ನೋಡುವುದು ನಮ್ಮ ಕೆಲಸ. ನಿವೃತ್ತನಾಗಿ ಹಾನಗಲ್ಲ ತಾಲೂಕಿನ ನನ್ನ ಊರಿಗೆ ಬಂದ ಮೇಲೆ ಹೊಲ, ಎರಡು ಎಮ್ಮೆ, ಮೊಮ್ಮಕ್ಕಳು. ಬಂದೂಕಿನ ಮಾತು ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. 2024ರ ಮಳೆಗಾಲದ ಕೊನೆಗೆ ನಮ್ಮೂರಿನ ಒಬ್ಬ ಹುಡುಗ ಮನೆಗೆ ಬಂದ. ಮುಂಡಗೋಡ ಕಡೆಯ ಕಾಡಂಚಿಗೆ ಅವನದು ಆರು ಎಕರೆ ಗೋವಿನಜೋಳ. ಅಜ್ಜನ ಕಾಲದ .315 ರೈಫಲ್ ಅವನ ಹೆಸರಿಗೆ ಲೈಸೆನ್ಸ್ ಆಗಿದೆ. ಅಜ್ಜ ಬೇಟೆಗೆ ಹೋಗುತ್ತಿದ್ದನಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು, ಮನೆಯವರು ಮಾತ್ರ ಇಂದಿಗೂ ಅದನ್ನು ‘ಬ್ಯಾಟಿ ಬಂದೂಕು’ ಅಂತಲೇ ಕರೆಯುತ್ತಾರೆ.

ಆ ವರ್ಷ ಅರಣ್ಯ ಇಲಾಖೆಯಿಂದ ಬರವಣಿಗೆಯಲ್ಲಿ ಅನುಮತಿ ಪಡೆದೇ ಅವನು ಮಂಚಿಕೆಯಲ್ಲಿ ಕುಳಿತಿದ್ದ. ಅರವತ್ತು ಹೆಜ್ಜೆ ದೂರದಲ್ಲಿ ನಿಂತ ಹಂದಿ. ಕೈ ನಡುಗಿರಲಿಲ್ಲ, ಗುರಿ ಭುಜಕ್ಕೇ ಇಟ್ಟಿದ್ದೆ ಎನ್ನುತ್ತಾನೆ. ಗುಂಡು ಹೊಟ್ಟೆಯ ಹಿಂಭಾಗಕ್ಕೆ ಬಿತ್ತು. ಹಂದಿ ಓಡಿತು. ಕತ್ತಲಲ್ಲಿ ಗಾಯಗೊಂಡ ಹಂದಿಯ ಬೆನ್ನು ಹತ್ತಬಾರದೆಂದು ಬೆಳಗಿನವರೆಗೆ ಕಾದರು, ಬೆಳಿಗ್ಗೆ ಸಿಗಲಿಲ್ಲ. ಮೂರನೆಯ ದಿನ ಎಮ್ಮೆ ಮೇಯಿಸುವ ಹುಡುಗ ಹಳ್ಳದ ಪೊದೆಯಲ್ಲಿ ಅದನ್ನು ಕಂಡ. ಆಗಲೂ ಉಸಿರಾಡುತ್ತಿತ್ತು. ನಾನೂ ಹೋಗಿ ನೋಡಿದೆ. ಬೆಳೆ ತಿಂದ ಪ್ರಾಣಿಯಾದರೂ ಅಂಥ ಮೂರು ದಿನ ಯಾವ ಜೀವಕ್ಕೂ ಬರಬಾರದು. ಎಮ್ಮೆಯ ಹುಡುಗನಿಗೆ ಇನ್ನೂ ಹನ್ನೆರಡು ವರ್ಷ. ಹಂದಿಗೆ ಏಳುವ ಶಕ್ತಿ ಇದ್ದಿದ್ದರೆ ಅವನ ಗತಿ ಏನಾಗುತ್ತಿತ್ತೋ.

ರೈಫಲ್ ಮಾಲೀಕ ನನ್ನ ಮುಂದೆ ಕುಳಿತು ಹೇಳಿದ ಮಾತು ಇದು: “ಕಾಕಾ, ನಳಗಿ ಹೋಗೇತಂತ್ರಿ. ಹೊಸಾದು ಹಾಕಸಬೇಕು, ಇಲ್ಲಾಂದ್ರ ಮಾರಿಬಿಡು ಅಂದ್ರು ನೋಡಿದವ್ರು.”

“ಕಾಗದದ ಮ್ಯಾಲೆ ಹೊಡದು ನೋಡಿ ಹೇಳಿದ್ರೇನೋ ತಮ್ಮಾ?”

“ಇಲ್ಲರಿ. ನಳಗ್ಯಾಗ ಕಣ್ಣಿಟ್ಟು ನೋಡಿ ಹೇಳಿದ್ರು.”

ನಳಿಗೆಯಲ್ಲಿ ಕಣ್ಣಿಟ್ಟು ನೋಡಿದರೆ ತುಕ್ಕು ಕಾಣುತ್ತದೆ, ಕಸ ಕಾಣುತ್ತದೆ. ಗುಂಡು ಎಲ್ಲಿಗೆ ಹೋಗುತ್ತದೆ ಎಂಬುದು ಕಾಣುವುದಿಲ್ಲ. ಗುರಿ ತಪ್ಪುವ ರೈಫಲ್‌ನಲ್ಲಿ ನಳಿಗೆಯನ್ನು ಅನುಮಾನಿಸುವುದು ಕೊನೆಗೆ. ಅದು ಎಲ್ಲಕ್ಕಿಂತ ದುಬಾರಿ ಭಾಗ, ಮತ್ತು ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಕಡಿಮೆ ಸಲ ತಪ್ಪಿತಸ್ಥ. ಮೊದಲು ನೋಡಬೇಕಾದದ್ದು ಸ್ಕ್ರೂ, ಕಟ್ಟಿಗೆ, ಗುರಿ ಹಿಡಿಯುವ ಸೈಟ್, ಕಾಡತೂಸು ಮತ್ತು ಹೊಡೆಯುವವನ ಹೆಗಲು.

ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆಸಿದೆ, ಕಾಡತೂಸು ತುಂಬುವ ಮ್ಯಾಗಜಿನ್ ಬಿಚ್ಚಿಸಿದೆ, ಒಳಗೆ ಕಾಡತೂಸು ಇಲ್ಲವೆಂದು ಅವನ ಬೆರಳಿನಿಂದಲೇ ಮುಟ್ಟಿಸಿ ಖಾತ್ರಿ ಮಾಡಿದೆ. ಆಮೇಲೆಯೇ ಮುಂದಿನ ಮಾತು. .315 ಎಂಬುದು ಸೈನ್ಯದ 303 ಕಾಡತೂಸು ನಾಗರಿಕರ ಕೈಗೆ ಹೋಗಬಾರದೆಂಬ ಕಾರಣಕ್ಕೆ ಬ್ರಿಟಿಷರ ಕಾಲದಲ್ಲಿ ಚಾಲ್ತಿಗೆ ಬಂದ ಬೋರು, ಅಂದರೆ ನಳಿಗೆಯ ತೂತಿನ ಅಳತೆ. ಬೋಲ್ಟ್, ಕಟ್ಟಿಗೆಯ ಜೋಡಣೆ ಎಲ್ಲ 303ರ ಜಾತಿಯದೇ. ಕಟ್ಟಿಗೆ ಎರಡು ತುಂಡು, ಹೆಗಲಿಗೆ ಬರುವ ಬಟ್ ಬೇರೆ, ನಳಿಗೆಯ ಕೆಳಗಿನದು ಬೇರೆ. ಬಟ್ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ, ಟಕ್ ಟಕ್ ಎಂದಿತು. ಮ್ಯಾಗಜಿನ್ ಮುಂದಿನ ದೊಡ್ಡ ಸ್ಕ್ರೂ ಮೇಲೆ ಅವನಿಂದಲೇ ಸ್ಕ್ರೂಡ್ರೈವರ್ ಇಡಿಸಿದೆ. ಮುಕ್ಕಾಲು ಸುತ್ತು ಹಾಗೇ ತಿರುಗಿತು. ಈ ಸ್ಕ್ರೂ ಸಡಿಲವಾದರೆ ಪ್ರತಿ ಗುಂಡಿಗೂ ಲೋಹದ ಭಾಗ ಕಟ್ಟಿಗೆಯೊಳಗೆ ಹಿಂದೆಮುಂದೆ ಸರಿಯುತ್ತದೆ, ಮತ್ತೆ ಮೊದಲಿನ ಜಾಗಕ್ಕೇ ಬಂದು ಕೂರುವ ಭರವಸೆ ಇಲ್ಲ. ಒಂದೇ ಗುರಿಗೆ ಹೊಡೆದ ಗುಂಡುಗಳು ಎರಡು ಬೇರೆ ಗುಂಪಾಗಿ ಬಿದ್ದರೆ ನಾನು ಮೊದಲು ಈ ಸ್ಕ್ರೂ ಹುಡುಕುತ್ತೇನೆ. ಹಾಗಂತ ಸಿಟ್ಟಿನಿಂದ ಬಿಗಿದರೂ ಕೆಟ್ಟಿತು, ಕಟ್ಟಿಗೆ ನಜ್ಜಾಗುತ್ತದೆ. 303ರಲ್ಲಿ ಹಾಗಾಗದಂತೆ ಸ್ಕ್ರೂ ಸುತ್ತ ಒಂದು ಚಿಕ್ಕ ಲೋಹದ ಬಳೆ ಇರುತ್ತದೆ. ಬಿಚ್ಚಿದವರು ಅದನ್ನು ಕಳೆದುಬಿಟ್ಟ ರೈಫಲ್‌ಗಳನ್ನು ಸೈನ್ಯದಲ್ಲೇ ಎಷ್ಟೋ ನೋಡಿದ್ದೇನೆ.

ಈ ಸ್ಕ್ರೂ ಸಡಿಲವಾದದ್ದು ಹೇಗೆ? ಹುಡುಗ ಹೇಳಿದ. 2024ರ ಮಾರ್ಚ್‌ನಲ್ಲಿ ಲೋಕಸಭಾ ಚುನಾವಣೆಯ ನೀತಿಸಂಹಿತೆ ಬಂತು, ರೈಫಲ್ ಠಾಣೆಗೆ ಹೋಯಿತು. ನಮ್ಮ ಕಡೆ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಕೈಗೆ ಮರಳಿದ್ದು ಮುಂಗಾರು ಹಿಡಿದ ಮೇಲೆ. ಬೇಸಿಗೆಯ ಮೂರು ತಿಂಗಳು ತಗಡಿನ ಕೋಣೆಯಲ್ಲಿ ಒಣಗಿದ ಕಟ್ಟಿಗೆ ಕುಗ್ಗಿ ಸ್ಕ್ರೂ ಹಿಡಿತ ಬಿಟ್ಟಿದೆ. ಆಮೇಲೆ ಮಳೆಯ ತೇವ ಕುಡಿದು ಕಟ್ಟಿಗೆ ಉಬ್ಬಿದೆ, ಆದರೆ ಉಬ್ಬಿದ್ದು ಬೇರೆ ಕಡೆ. ಒಂದು ತೆಳು ಕಾಗದದ ಪಟ್ಟಿಯನ್ನು ನಳಿಗೆ ಮತ್ತು ಕಟ್ಟಿಗೆಯ ನಡುವೆ ಎಳೆಸಿದೆ. ಎಡಗಡೆ, ತುದಿಯಿಂದ ನಾಲ್ಕು ಬೆರಳು ಹಿಂದೆ, ಕಾಗದ ಕಚ್ಚಿಕೊಂಡಿತು. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇತ್ತೀಚಿನ ಹುಡುಗರು ಮೊಬೈಲ್‌ನಲ್ಲಿ ವಿಡಿಯೊ ನೋಡಿ, ಕಾಗದ ಎಲ್ಲ ಕಡೆ ಸಲೀಸಾಗಿ ಆಡಲೇಬೇಕೆಂದು ಉಜ್ಜುಗಾಗದ ಹಿಡಿದು ಕಟ್ಟಿಗೆ ಕೆರೆಯಲು ಕೂರುತ್ತಾರೆ. 303 ಜಾತಿಯ ರೈಫಲ್‌ಗಳಲ್ಲಿ ಕಟ್ಟಿಗೆ ಕೆಲವು ಕಡೆ ನಳಿಗೆಯನ್ನು ತಾಗಿ ಒತ್ತಬೇಕೆಂದೇ ಮಾಡಿರುತ್ತಾರೆ. ಅದನ್ನು ಕೆರೆದರೆ ಇದ್ದ ಗುರಿಯೂ ಹೋಯಿತು. ಗುಂಡಿನ ಸಾಕ್ಷಿ ಸಿಗುವವರೆಗೆ ಕಟ್ಟಿಗೆ ಮುಟ್ಟಬೇಡ ಅಂದೆ.

ಅವನು ಮೇಲೆ ಒಂದು ದುರ್ಬೀನು ಬೇರೆ ಕೂರಿಸಿದ್ದ. ಅದರ ಉಂಗುರದ ನಾಲ್ಕು ಸ್ಕ್ರೂಗಳಲ್ಲಿ ಎರಡು ಉಗುರಿಗೇ ತಿರುಗಿದವು. ಬಿಚ್ಚಿಟ್ಟುಬಿಡು, ರೈಫಲ್‌ನ ಸ್ವಂತ ಸೈಟ್‌ನಿಂದ ಶುರು ಮಾಡೋಣ ಎಂದೆ. ಒಂದು ಕಾಯಿಲೆ ಹುಡುಕುವಾಗ ಎರಡು ಅನುಮಾನ ಇಟ್ಟುಕೊಳ್ಳಬಾರದು. ಭೂತಗನ್ನಡಿಯಲ್ಲಿ ನಳಿಗೆಯ ಬಾಯಿ ನೋಡಿದೆ. ಗುಂಡು ಹೊರಬೀಳುವ ಕ್ಷಣದಲ್ಲಿ ಕೊನೆಗೆ ಮುಟ್ಟುವ ಅಂಚು ಅದು. ಅಲ್ಲಿ ಒಂದು ಕಡೆ ಸವೆದಿದ್ದರೆ ಹಿಂದಿನಿಂದ ನುಗ್ಗುವ ಅನಿಲ ಒಂದೇ ಪಕ್ಕದಿಂದ ಮೊದಲು ಹೊರಟು ಗುಂಡಿನ ಬುಡವನ್ನು ದೂಡುತ್ತದೆ. ಸವೆಯುವುದು ಹೊಡೆಯುವುದರಿಂದಲ್ಲ, ತೊಳೆಯುವುದರಿಂದ. ಕಬ್ಬಿಣದ ಸರಳನ್ನು ಬಾಯಿಯ ಕಡೆಯಿಂದ ತೂರಿಸಿ ಉಜ್ಜುವುದರಿಂದ, ನಳಿಗೆ ಒರೆಸುವ ಫುಲ್‌ಥ್ರೂ ದಾರವನ್ನು ಓರೆಯಾಗಿ ಎಳೆಯುವುದರಿಂದ. ಸೈನ್ಯದಲ್ಲಿ ಚಿಂದಿ ಕಟ್ಟಿ ದಾರವನ್ನು ಬೋಲ್ಟ್ ಕಡೆಯಿಂದ ಹಾಕಿ ನೇರವಾಗಿ ಎಳೆಯದ ಜವಾನನಿಗೆ ನಮ್ಮ ಉಸ್ತಾದರು ಬೈಯುತ್ತಿದ್ದ ಬೈಗುಳ ಇಲ್ಲಿ ಬರೆಯುವಂತಿಲ್ಲ. ಈ ರೈಫಲ್‌ನ ಬಾಯಿ ಅಜ್ಜನ ಪುಣ್ಯದಿಂದ ಚೆನ್ನಾಗಿಯೇ ಇತ್ತು. ತೆಳುವಾದ ತುಕ್ಕು ಇತ್ತು, ಎಣ್ಣೆ ಚಿಂದಿಗೆ ಬಂತು.

ಕಾಡತೂಸು ಒಟ್ಟು 26. ತಳ ತಿರುಗಿಸಿ ನೋಡಿದೆ. 20ಕ್ಕೆ ಒಂದು ವರ್ಷದ ಮುದ್ರೆ, 6ಕ್ಕೆ ಬೇರೆ ವರ್ಷದ್ದು. ಹುಡುಗನಿಗೆ ಅದು ಲೆಕ್ಕಕ್ಕೇ ಇರಲಿಲ್ಲ, ಎಲ್ಲ ಒಂದೇ ಡಬ್ಬಿಯಲ್ಲಿ. ಬೇರೆ ಬೇರೆ ಸಲ ತಯಾರಾದ ಮದ್ದು ಒಂದೇ ವೇಗ ಕೊಡುವುದಿಲ್ಲ. ಬೇರ್ಪಡಿಸಿ ಎರಡು ಪೊಟ್ಟಣ ಕಟ್ಟಿಸಿದೆ.

ಇಷ್ಟೆಲ್ಲ ಕಟ್ಟೆಯ ಮೇಲೆ ಕುಳಿತೇ ಆಯಿತು. ಇನ್ನು ಹೊಡೆದು ನೋಡಬೇಕು. ಎಲ್ಲಿ? ಹೊಲದ ಬದುವಿನ ಹುಣಸೆಮರಕ್ಕೆ ಹೊಡೆದು ನೋಡುವುದು ನಮ್ಮ ಕಡೆಯ ಹಳೆಯ ರೂಢಿ. ಅದು ಅಪರಾಧ, ಅದಕ್ಕಿಂತ ಹೆಚ್ಚಾಗಿ ಅಪಾಯ. ರೈಫಲ್ ಗುಂಡು ಮರ ತಪ್ಪಿದರೆ ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ, ಆಚೆ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳಿರುತ್ತಾರೆ. 1959ರ ಆಯುಧ ಕಾಯ್ದೆಯ 5ನೇ ಕಲಮಿನಲ್ಲಿ ಬಂದೂಕಿನ ದುರಸ್ತಿಗೂ ಪರೀಕ್ಷೆಗೂ ಲೈಸೆನ್ಸ್ ಬೇಕೆಂದಿದೆ. ಹಾಗಾಗಿ ನಾನು ಆ ರೈಫಲ್‌ಗೆ ಉಳಿ ತಾಗಿಸಿಲ್ಲ. ಸೈನ್ಯದ ಹಳೆಯ ಪರಿಚಯ ಹಿಡಿದು ಪರವಾನಗಿ ಇರುವ ಒಂದು ರೇಂಜ್‌ನಲ್ಲಿ ಎರಡು ಬೆಳಗು ಬೇಡಿಕೊಂಡೆ. ನನಗೆ ಪರಿಚಯವಿತ್ತು. ಪರಿಚಯವಿಲ್ಲದ ರೈತ ಏನು ಮಾಡಬೇಕು?

ಮೊದಲ ಬೆಳಗು, 50 ಮೀಟರ್. ಗೊಬ್ಬರದ ಚೀಲದಲ್ಲಿ ಮರಳು ತುಂಬಿ, ಅದರ ಮೇಲೆ ಕಟ್ಟಿಗೆಯ ಭಾಗ ಊರಿಸಿದೆವು. ನಳಿಗೆಯನ್ನೇ ಗಟ್ಟಿ ವಸ್ತುವಿನ ಮೇಲೆ ಊರಿದರೆ ಗುಂಡು ಮೇಲಕ್ಕೆ ಜಿಗಿಯುತ್ತದೆ. ನಳಿಗೆಯೊಳಗಿನ ಎಣ್ಣೆಯನ್ನು ಒಣ ಚಿಂದಿಯಿಂದ ಒರೆಸಿದೆವು, ಎಣ್ಣೆ ಇದ್ದ ನಳಿಗೆಯ ಮೊದಲ ಗುಂಡು ಸುಳ್ಳು ಹೇಳುತ್ತದೆ. ಸ್ಕ್ರೂ ಬಿಗಿಸಿ ಆಗಿತ್ತು. ಹೊಡೆದವರು ರೇಂಜ್‌ನ ತರಬೇತುದಾರರು, ಹುಡುಗನಲ್ಲ. ರೈಫಲ್ ತಪ್ಪೋ ಮನುಷ್ಯನ ತಪ್ಪೋ ಎಂದು ಬೇರ್ಪಡಿಸಲು ಅದೊಂದೇ ದಾರಿ. ಒಂದರ ಹಿಂದೊಂದು ಐದು ಗುಂಡು. ಕಾಗದ ತಂದು ನೋಡಿದರೆ ಐದು ತೂತೂ ದುಂಡಗಿದ್ದವು. ನಳಿಗೆ ನಿಜಕ್ಕೂ ಸವೆದಿದ್ದರೆ ಗುಂಡು ಸುತ್ತು ಹಿಡಿಯದೆ ಓರೆಯಾಗಿ ಬಿದ್ದು ಉದ್ದನೆಯ ತೂತು ಬೀಳುತ್ತಿತ್ತು. “ನೋಡೋ ತಮ್ಮಾ, ನಿನ್ನ ನಳಗಿ ಜೀವಂತ ಐತಿ” ಅಂದೆ. ಅವನ ಕಣ್ಣು ತುಂಬಿದ್ದವು. ಅಜ್ಜನ ವಸ್ತು ನೋಡಿ.

ಆದರೆ ಐದೂ ಒಂದರ ಮೇಲೊಂದು ಏಣಿಯಂತೆ ಹತ್ತಿದ್ದವು. ಅಗಲ ಐದು ಸೆಂಟಿಮೀಟರ್, ಎತ್ತರ 24. ಮೊದಲನೆಯದು ಎಲ್ಲಕ್ಕಿಂತ ಕೆಳಗೆ, ಐದನೆಯದು ಎಲ್ಲಕ್ಕಿಂತ ಮೇಲೆ. ನಳಿಗೆ ಕಾದಂತೆ ಹಿಗ್ಗುತ್ತದೆ, ಉಬ್ಬಿದ ಕಟ್ಟಿಗೆ ಒಂದು ಕಡೆ ಅದನ್ನು ಒತ್ತಿಹಿಡಿದಿದೆ, ಪ್ರತಿ ಗುಂಡಿಗೂ ಒತ್ತಡ ಬದಲಾಗುತ್ತಿದೆ. ಕಾಗದದ ಪಟ್ಟಿ ಕಚ್ಚಿಕೊಂಡ ಜಾಗವೇ ಅದು ಎಂಬುದಕ್ಕೆ ಈಗ ಸಾಕ್ಷಿ ಸಿಕ್ಕಿತು.

ಇನ್ನೊಂದು, ಇಡೀ ಏಣಿ ನಡುವಿನಿಂದ 9 ಸೆಂಟಿಮೀಟರ್ ಎಡಕ್ಕೆ ಇತ್ತು. ಬೆಳಗಿನ ಬಿಸಿಲು ಬಲಗಡೆಯಿಂದ ಬೀಳುತ್ತಿತ್ತು. ನಳಿಗೆಯ ತುದಿಯಲ್ಲಿರುವ ಫೋರ್‌ಸೈಟ್‌ನ ಬಲ ಅಂಚು ಹೊಳೆದರೆ ಕಣ್ಣು ಆ ಹೊಳಪನ್ನೇ ನಡು ಎಂದು ತಿಳಿಯುತ್ತದೆ, ಗುಂಡು ಬಿಸಿಲಿನ ಎದುರು ದಿಕ್ಕಿಗೆ ಹೋಗುತ್ತದೆ. ಅದೇ ಇರಬಹುದೆಂದು ಚಿಮಣಿಯ ಹೊಗೆ ಹಿಡಿದು ಫೋರ್‌ಸೈಟ್‌ಗೆ ಮಸಿ ಮಾಡಿದೆವು. ಮತ್ತೆರಡು ಗುಂಡು ಹೊಡೆಸಿದೆ. ಎರಡೂ ಎಡಕ್ಕೇ. ಬಿಸಿಲು ನಿರಪರಾಧಿ.

ಆಮೇಲೆ ಹುಡುಗನ ಸರದಿ. ರೇಂಜ್‌ನವರ ಬಳಿ ಮದ್ದಿಲ್ಲದ ಡ್ರಿಲ್ ಕಾಡತೂಸುಗಳಿದ್ದವು. ಮೂರು ನಿಜದ್ದು, ಮೂರು ಸುಳ್ಳಿನದು ಕಲಸಿ, ಯಾವುದು ಬರುತ್ತದೆಂದು ಅವನಿಗೆ ಗೊತ್ತಾಗದಂತೆ ತರಬೇತುದಾರರೇ ಒಂದೊಂದಾಗಿ ತುಂಬಿ ಕೊಟ್ಟರು. ಸುಳ್ಳು ಕಾಡತೂಸು ಬಂದಾಗ ಸದ್ದಿಲ್ಲ, ಒದೆತವಿಲ್ಲ, ಆದರೆ ನಳಿಗೆಯ ತುದಿ ಗಕ್ಕನೆ ಕೆಳಗೆ ಬಗ್ಗಿತು. ಮೂರಕ್ಕೆ ಮೂರು ಸಲ. ಒದೆತಕ್ಕೆ ಹೆದರಿ ಹೆಗಲು ಮುಂಚೆಯೇ ತಳ್ಳುತ್ತಿದೆ. ತಾನು ಹೆದರುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ. ಬಟ್ ಅಲ್ಲಾಡುತ್ತಿದ್ದ ರೈಫಲ್ ಅವನ ಹೆಗಲಿಗೆ ಸರಿಯಾಗಿ ಪೆಟ್ಟು ಕೊಟ್ಟಿರಬೇಕು. ಕಿವಿಗೆ ಏನೂ ಇಟ್ಟುಕೊಳ್ಳುತ್ತಿರಲಿಲ್ಲ. ಬೋಲ್ಟ್ ಎಳೆದು, ಖಾಲಿ ರೈಫಲ್‌ನ ತುದಿಗೆ ಒಂದು ರೂಪಾಯಿ ನಾಣ್ಯ ಇಟ್ಟು, ಅದು ಬೀಳದಂತೆ ಕುದುರೆ (ಟ್ರಿಗರ್) ಒತ್ತುವುದನ್ನು ಹದಿನೈದು ದಿನ ಮನೆಯಲ್ಲಿ ಮಾಡಿಸಿದೆ. ಕಾಡತೂಸಿನ ಡಬ್ಬಿ ಆಗ ಬೇರೆ ಕೋಣೆಯಲ್ಲಿ, ಬೀಗದೊಳಗೆ.

ಆ ಹದಿನೈದು ದಿನ ಮುಗಿದ ಮೇಲೆ ಲೈಸೆನ್ಸ್ ಇರುವ ಒಬ್ಬ ಹಿರಿಯ ದುರಸ್ತಿಗಾರರ ಅಂಗಡಿಗೆ ರೈಫಲ್ ಹೋಯಿತು. ನಾನು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತೆ. ಕಟ್ಟಿಗೆಯನ್ನು ನೆರಳಲ್ಲಿ ಆರಿಸಿ, ಕಚ್ಚಿದ ಜಾಗದಲ್ಲಿ ಮಾತ್ರ ಕೂದಲೆಳೆಯಷ್ಟು ತೆಗೆದು, ಒಳಗೂ ಹೊರಗೂ ಹಸಿ ಅಗಸೆ ಎಣ್ಣೆ ತಿಕ್ಕಿದರು. ಸೈನ್ಯದಲ್ಲೂ ಕಟ್ಟಿಗೆಗೆ ಇದೇ ಎಣ್ಣೆ. ನಮ್ಮ ಮನೆಯಲ್ಲಿ ಅಗಸೆ ಚಟ್ನಿಪುಡಿಗೆ ಸೀಮಿತವಾಗಿದೆ, ಅದರ ಎಣ್ಣೆ ಕಟ್ಟಿಗೆಗೆ ನೀರು ಹೋಗದಂತೆ ಕಾಯುತ್ತದೆಂಬುದು ರೈತರಿಗೆ ತಿಳಿದಿರಲಿ, ಗುದ್ದಲಿ ಕಾವಿಗೂ ಒಳ್ಳೆಯದು.

ಎಡಕ್ಕೆ ಹೋಗುವ ಕಾರಣ ಸಿಕ್ಕಿದ್ದು ಅಲ್ಲಿಯೇ. ಫೋರ್‌ಸೈಟ್ ಕೂತ ತೋಡಿನಲ್ಲಿ, ನಳಿಗೆಯ ಮೇಲಿನ ಗೀಟು ಮತ್ತು ಸೈಟ್ ಮೇಲಿನ ಗೀಟು ಒಂದಕ್ಕೊಂದು ಕೂಡುತ್ತಿರಲಿಲ್ಲ. ಸೈಟ್ ಬಲಕ್ಕೆ ಸರಿದಿತ್ತು, ಎಡ ಮಗ್ಗುಲಿಗೆ ಪೆಟ್ಟು ಬಿದ್ದ ಹೊಳೆಯುವ ಗುರುತು. ಎಷ್ಟು ಸರಿದಿತ್ತು? ಎರಡು ಸೈಟ್‌ಗಳ ನಡುವಿನ ಅಂತರ ಅರ್ಧ ಮೀಟರ್ ಎಂದು ಹಿಡಿಯಿರಿ. 50 ಮೀಟರ್‌ನಲ್ಲಿ 9 ಸೆಂಟಿಮೀಟರ್ ತಪ್ಪಲು ಫೋರ್‌ಸೈಟ್ ಒಂದು ಮಿಲಿಮೀಟರ್‌ಗೂ ಕಡಿಮೆ ಸರಿದರೆ ಸಾಕು. ಒಂದು ಕಬ್ಬಿಣದ ಕಪಾಟಿನ ಅಂಚಿಗೆ ತಾಗಿದರೆ ಸಾಕು. ಠಾಣೆಯ ಮೂಲೆಯಲ್ಲಿ ಒಂದರ ಮೇಲೊಂದು ಒರಗಿಸಿಟ್ಟ ಬಂದೂಕುಗಳ ರಾಶಿಯಿಂದ ಒಂದನ್ನು ಎಳೆದರೆ ಸಾಕು. ಗುಂಡು ಎಡಕ್ಕೆ ಹೋದರೆ ಫೋರ್‌ಸೈಟನ್ನೂ ಎಡಕ್ಕೇ ಸರಿಸಬೇಕು, ಇದು ಹೊಸಬರಿಗೆ ಉಲ್ಟಾ ಕಾಣುತ್ತದೆ. ದುರಸ್ತಿಗಾರರು ಹಿತ್ತಾಳೆಯ ತುಂಡು ಅಡ್ಡ ಇಟ್ಟು ಎರಡು ಮೆದು ಪೆಟ್ಟು ಕೊಟ್ಟರು, ಗೀಟಿಗೆ ಗೀಟು ಕೂಡಿತು.

ಎರಡನೆಯ ಬೆಳಗು ತರಬೇತುದಾರರ ಐದು ಗುಂಡು ಐದು ಸೆಂಟಿಮೀಟರ್‌ನಲ್ಲಿ, ನಟ್ಟನಡುವೆ. ಹುಡುಗನ ಐದು ಗುಂಡು ಒಂಬತ್ತು ಸೆಂಟಿಮೀಟರ್‌ನಲ್ಲಿ. ಮೊದಲ ಪೊಟ್ಟಣ ಅಲ್ಲಿಗೆ ಮುಗಿಯಿತು. ಎರಡನೆಯ ಪೊಟ್ಟಣದಿಂದ ಮೂರು ಹೊಡೆಸಿದೆ, ಮೂರೂ ಒಂದು ಮುಷ್ಟಿಯಷ್ಟು ಕೆಳಗೆ ಬಿದ್ದವು. ಅಂದರೆ ಈಗ ಹೊಸ ಕಾಡತೂಸು ಕೊಂಡರೆ ಅದನ್ನು ಮತ್ತೆ ಕಾಗದದ ಮೇಲೆ ನೋಡಬೇಕು. ಮತ್ತೆ ಅದೇ ಪ್ರಶ್ನೆ: ಎಲ್ಲಿ?

ಠಾಣೆಯವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಚುನಾವಣೆಯಲ್ಲಿ ಆಯುಧ ಒಪ್ಪಿಸುವುದು ನ್ಯಾಯವಾದದ್ದೇ. ಚಿಕ್ಕ ಕೋಣೆ, ರಾಶಿ ಬಂದೂಕು, ಬಂದೋಬಸ್ತ್‌ನಲ್ಲಿ ನಿದ್ದೆಗೆಟ್ಟ ಸಿಬ್ಬಂದಿ. ಅವರಿಗೆ ಆಯುಧ ಇಡಲು ಒಂದು ಏರ್ಪಾಟು ಮಾಡಿಕೊಡಿ ಎಂಬುದು ನನ್ನ ಮೊದಲ ಕೋರಿಕೆ. ಪ್ರತಿ ಬಂದೂಕಿಗೂ ಬೇರೆ ಗೂಡು ಇರುವ ಮರದ ಸ್ಟ್ಯಾಂಡ್ ಊರಿನ ಬಡಿಗೇರರು ಎರಡು ದಿನದಲ್ಲಿ ಮಾಡುತ್ತಾರೆ. ಒಪ್ಪಿಸುವ ಮುನ್ನ ಮಾಲೀಕನೇ ನಳಿಗೆಗೆ ಎಣ್ಣೆ ಹಾಕಿ ಹತ್ತಿಬಟ್ಟೆಯ ಚೀಲದಲ್ಲಿ ಕೊಡಲಿ. ಪ್ಲಾಸ್ಟಿಕ್ ಸುತ್ತಬೇಡಿ, ಚರ್ಮದ ಚೀಲದಲ್ಲೂ ತಿಂಗಳುಗಟ್ಟಲೆ ಇಡಬೇಡಿ, ಎರಡೂ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ. ರಸೀದಿಯಲ್ಲಿ ನಂಬರಿನ ಜೊತೆ ಸೈಟ್, ಕಟ್ಟಿಗೆಯ ಸ್ಥಿತಿಯನ್ನೂ ಒಂದು ಸಾಲು ಬರೆದರೆ ಇಬ್ಬರಿಗೂ ಒಳ್ಳೆಯದು.

ಎರಡನೆಯ ಕೋರಿಕೆಯೇ ಮುಖ್ಯ. 2016ರ ಆಯುಧ ನಿಯಮಗಳಲ್ಲಿ ಹೊಸದಾಗಿ ಲೈಸೆನ್ಸ್ ಕೇಳುವವರಿಗೆ ಸುರಕ್ಷತಾ ತರಬೇತಿ ಇದೆ. ನಮ್ಮ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನೂ ನಡೆಸುತ್ತದೆ, ಒಳ್ಳೆಯ ಕೆಲಸ. ಆ ಶಿಬಿರದ ಕೊನೆಗೆ ಇನ್ನೊಂದೇ ದಿನ ಸೇರಿಸಿ, ಲೈಸೆನ್ಸ್‌ದಾರರು ತಮ್ಮ ಸ್ವಂತ ಆಯುಧ ತಂದು, ಅಧಿಕಾರಿಗಳ ಕಣ್ಣೆದುರು, ತಮ್ಮದೇ ಐದು ಕಾಡತೂಸು ಕಾಗದಕ್ಕೆ ಹೊಡೆದು ನೋಡಿಕೊಳ್ಳಲು ಬಿಡಿ. ಪಕ್ಕದಲ್ಲಿ ಒಬ್ಬ ಲೈಸೆನ್ಸ್ ಇರುವ ದುರಸ್ತಿಗಾರ ಕುಳಿತಿರಲಿ. ಚುನಾವಣೆಯ ವರ್ಷ ಆಯುಧ ಮರಳಿಸಿದ ತಿಂಗಳಲ್ಲೇ ಈ ದಿನ ಬರಲಿ, ಉಳಿದ ವರ್ಷ ಗೋವಿನಜೋಳ ಬಿತ್ತುವ ಮುಂಚೆ. ಶುಲ್ಕ ಇಡಿ, ಕೊಡುತ್ತೇವೆ. ಗುರಿ ಸರಿಯಿಲ್ಲದ ಆಯುಧಕ್ಕೆ ಹೊಲದಲ್ಲಿ ಕೂರುವ ಅನುಮತಿ ಕೊಡಬೇಡಿ, ಅದನ್ನೂ ಒಪ್ಪುತ್ತೇವೆ.

ನಮ್ಮ ಮೂರೂ ಜಿಲ್ಲೆಗಳಲ್ಲಿ ನನ್ನಂಥ ನಿವೃತ್ತ ಸೈನಿಕರು ಇದ್ದೇವೆ. ಅಂಥ ದಿನ ಗೊತ್ತುಮಾಡಿದರೆ ಮರಳಿನ ಚೀಲ, ಭೂತಗನ್ನಡಿ, ಮಸಿ ಹಿಡಿಯುವ ಚಿಮಣಿ ತೆಗೆದುಕೊಂಡು ನಾನು ಮುಂಜಾನೆ ಆರಕ್ಕೇ ರೇಂಜ್ ಬಾಗಿಲಲ್ಲಿ ನಿಂತಿರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಹವಾಲ್ದಾರ್,
ಹಾನಗಲ್ಲ ತಾಲೂಕು, ಹಾವೇರಿ ಜಿಲ್ಲೆ